ಗಾಜಿನ ತೊಟ್ಟಿಗೆ ಯಾವ ನೀರು?

ಕಳೆದ ಬೇಸಿಗೆಯಲ್ಲಿ ಭೇರ್ಯದ ನಮ್ಮ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಆ ಮನೆಯ ಹತ್ತು ವರ್ಷದ ಬಾಲಕನು ಊಟವನ್ನೂ ಒಲ್ಲದೆ ಮೂಲೆ ಹಿಡಿದು ಕುಳಿತಿದ್ದನು. ಮೀನಿನ ತೊಟ್ಟಿಯನ್ನು ಶುಚಿಗೊಳಿಸುವ ಉತ್ಸಾಹದಲ್ಲಿ ಹಳೆಯ ನೀರನ್ನೆಲ್ಲ ಚೆಲ್ಲಿ, ಕೊಳವೆಬಾವಿಯಿಂದ ಆಗತಾನೆ ಎತ್ತಿದ ನೀರನ್ನು ತುಂಬಿದ್ದನಂತೆ. ಬೆಳಗಾಗುವಷ್ಟರಲ್ಲಿ ಗಪ್ಪಿ ಮೀನುಗಳೆಲ್ಲ ಸತ್ತು ತೇಲುತ್ತಿದ್ದವು. "ನಾನೇ ಕೊಂದುಬಿಟ್ಟೆ, ತಾತ" ಎಂದು ಅವನು ಬಿಕ್ಕಿದನು. ತಾಯಿಯು ತೊಟ್ಟಿಯನ್ನೇ ಹೊರಗೆಸೆಯಲು ಸಿದ್ಧರಾಗಿದ್ದರು.

ಈ ಭಾಗದ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಬಂಡೆಯ ಬಿರುಕುಗಳಲ್ಲಿ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಸಾಬೂನು ನೊರೆ ಬರದಿರುವುದು, ಹಂಡೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದು ಇದರ ಗುರುತು. ಆದರೆ ಗಪ್ಪಿಯು ಗಡಸು ನೀರಿನಲ್ಲಿ ಸುಖವಾಗಿಯೇ ಬಾಳುವ ಮೀನು. ವ್ಯಾಲಿಸ್ನೇರಿಯಾ, ಹೈಡ್ರಿಲಾದಂತಹ ಜಲಸಸ್ಯಗಳೂ ಅದರಲ್ಲಿ ಬೆಳೆಯುತ್ತವೆ. ಹಾಗಾದರೆ ದೋಷವು ನೀರಿನ ಜಾತಿಯಲ್ಲಿರದೆ, ಒಮ್ಮೆಗೇ ಆದ ಬದಲಾವಣೆಯಲ್ಲಿದ್ದಿರಬೇಕು. ಆಗತಾನೆ ಎತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಇರಬಹುದು. ಅದನ್ನು ಒಂದು ದಿನ ಅಗಲವಾದ ಪಾತ್ರೆಯಲ್ಲಿ ತೆರೆದಿಟ್ಟು, ಆಗಾಗ ಕಲಕಿ, ಬಳಿಕ ಬಳಸುವುದು ಕ್ಷೇಮ.

ನಲ್ಲಿಯ ನೀರಿನಲ್ಲಿ ಕ್ರಿಮಿನಾಶಕವಾಗಿ ಬೆರೆಸುವ ಕ್ಲೋರಿನ್ ಮೀನಿನ ಕಿವಿರುಗಳಿಗೆ ಹಾನಿಕರ; ಇದನ್ನೂ ಒಂದು ದಿನ ತೆರೆದಿಡಬೇಕು. ನಾಲೆಯ ನೀರು ಮೃದುವೆಂದು ಮೋಹಗೊಳ್ಳಬಾರದು. ಕೃಷ್ಣರಾಜನಗರದ ಸೀಮೆಯು ಬತ್ತದ ನಾಡು. ಗದ್ದೆಗಳಿಗೆ ಹಾಕಿದ ಗೊಬ್ಬರ, ಔಷಧಿಗಳು ಹರಿದು ಬರಬಹುದು, ರೋಗಾಣುಗಳೂ ಬರಬಹುದು. ತಾರಸಿಯ ಮಳೆನೀರು ಮೃದುವಾದುದು. ಮೊದಲ ಮಳೆಯನ್ನು ಬಿಟ್ಟು ಹಿಡಿಯಬೇಕು. ಆದರೆ ಅದರಲ್ಲಿ ಸಸ್ಯಗಳಿಗೆ ಬೇಕಾದ ಲವಣಗಳಿಲ್ಲ. ಶೋಧಕ ಯಂತ್ರದ ನೀರಿಗೂ ಇದೇ ಕೊರತೆ. ಮಳೆನೀರು, ಕೊಳವೆಬಾವಿಯ ನೀರುಗಳನ್ನು ಸಮಸಮವಾಗಿ ಬೆರೆಸಿದರೆ ಗಡಸುತನವು ಸುಮಾರು ಅರ್ಧಕ್ಕಿಳಿಯುತ್ತದೆ. ಮೆದುನೀರನ್ನು ಬಯಸುವ ಸಸ್ಯಗಳಿಗೆ ಇದು ಒಳ್ಳೆಯ ಉಪಾಯ.

ಮುಖ್ಯ ಮಾತೊಂದಿದೆ. ತೊಟ್ಟಿಯ ನೀರನ್ನೆಲ್ಲ ಎಂದೂ ಚೆಲ್ಲಬಾರದು. ವಾರಕ್ಕೊಮ್ಮೆ ಕಾಲುಭಾಗ ಬದಲಿಸಿದರೆ ಸಾಕು. 40 ಲೀಟರಿನ ತೊಟ್ಟಿಗೆ 10 ಲೀಟರು, ಅಂದರೆ ಒಂದು ಬಿಂದಿಗೆಯಷ್ಟು. ತೆಗೆದ ನೀರು ಮೀನಿನ ಮಲದಿಂದ ಸಾರವುಳ್ಳದ್ದು. ಹಿತ್ತಲ ದಾಸವಾಳಕ್ಕೋ ಬಾಳೆಗೋ ಹಾಕಿದರೆ ಬರದ ದಿನಗಳಲ್ಲೂ ಒಂದು ಹನಿ ವ್ಯರ್ಥವಾಗದು. ತೊಟ್ಟಿಯ ಗಿಡವನ್ನಾಗಲಿ ಮೀನನ್ನಾಗಲಿ ಕೆರೆ ನಾಲೆಗಳಿಗೆ ಬಿಡದಿರುವುದೂ ಕರ್ತವ್ಯವೇ.

ಆ ಬಾಲಕನಿಗೆ ಇಷ್ಟನ್ನೂ ತಿಳಿಸಿ, ತಾಯಿಯನ್ನು ಒಪ್ಪಿಸಿ ಬಂದೆವು. ಮೊನ್ನೆ ಮತ್ತೆ ಹೋದಾಗ ಬಾಗಿಲ ಬಳಿ ಒಂದು ಬಕೆಟ್ ನೀರು ತೆರೆದಿತ್ತು. "ನಾಳೆ ಹಾಕುವುದಕ್ಕೆ, ತಾತ" ಎಂದನು. ಹೊಸ ಮೀನುಗಳು ಸೊಂಪಾದ ಹಸಿರಿನ ನಡುವೆ ಓಡಾಡುತ್ತಿದ್ದವು. ತಾನಿರುವ ನೀರನ್ನು ಆಯ್ದುಕೊಳ್ಳುವ ಶಕ್ತಿ ತೊಟ್ಟಿಯ ಜೀವಕ್ಕಿಲ್ಲ. ತಂದಿಟ್ಟುಕೊಂಡ ಮೇಲೆ ಆ ಹೊಣೆ ನಮ್ಮದು. ಮಗುವು ಅದನ್ನು ಅರಿತನು.