ಗ್ಯಾರೇಜಿನಿಂದ ಬಂದ ಮೇಲೂ ಉರಿಯುವ ದೀಪ: ಪರೀಕ್ಷೆಗೆ ದುಡ್ಡು ಕೊಡೋಣ

ಈ ಸಂಚಿಕೆಯಲ್ಲಿ ಜೀನು, ಪ್ರೋಟೀನುಗಳಿಗೆ ಸ್ವಲ್ಪ ರಜೆ ಕೊಟ್ಟು ಕಾರಿನ ಎಂಜಿನ್ ಬಗ್ಗೆ ಮಾತಾಡೋಣ. ಅಮೆರಿಕದ ಎಷ್ಟೋ ಊರುಗಳಲ್ಲಿ ಕಾರು ಇಲ್ಲದಿದ್ರೆ ಕೆಲಸಕ್ಕೂ ಹೋಗೋಕಾಗಲ್ಲ, ತರಕಾರಿ ತರೋಕೂ ಆಗಲ್ಲ. ಓದಲು ಬಂದ ನಮ್ಮ ಹುಡುಗ ಹುಡುಗಿಯರು ಹತ್ತು ಹದಿನೈದು ವರ್ಷ ಹಳೆಯ ಕಾರು ಕೊಳ್ಳುತ್ತಾರೆ. ಗ್ಯಾರೇಜಿನ ಒಂದೇ ಬಿಲ್ಲು ತಿಂಗಳ ಬಾಡಿಗೆಯನ್ನು ನುಂಗಿಬಿಡಬಹುದು. ಅಷ್ಟು ಕಟ್ಟಿ ಮನೆಗೆ ಬಂದ ಮೂರನೇ ದಿನ ಮತ್ತೆ ಅದೇ ಹಳದಿ ದೀಪ, ಚೆಕ್ ಎಂಜಿನ್ ಲೈಟ್, ಹೊತ್ತಿಕೊಂಡರೆ?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀವಿ. ಇಂಥ ಹೊತ್ತಿನಲ್ಲಿ ಇನ್ನೊಂದು ಬಿಡಿಭಾಗಕ್ಕೆ ದುಡ್ಡು ಕೊಡುವ ಮೊದಲು ಒಂದು ಒಳ್ಳೆಯ ಪರೀಕ್ಷೆಗೆ ದುಡ್ಡು ಕೊಡಬೇಕು. ಪರೀಕ್ಷೆ ಪುಕ್ಕಟೆ ಆಗಬೇಕು, ಭಾಗಕ್ಕೆ ಮಾತ್ರ ಹಣ ಅನ್ನೋ ನಮ್ಮ ಅಭ್ಯಾಸವೇ ನಮಗೆ ದುಬಾರಿಯಾಗುತ್ತಿದೆ.

ಮೊದಲು ಆ ದೀಪದ ವಿಷಯ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಈಚೆಗಿನ ಎಲ್ಲ ಕಾರುಗಳಲ್ಲೂ ಓಬಿಡಿ-2 ಎಂಬ ವ್ಯವಸ್ಥೆ ಕಡ್ಡಾಯ. ಅದು ಹುಟ್ಟಿದ್ದು ಹೊಗೆ ಮಾಲಿನ್ಯದ ಮೇಲೆ ಕಣ್ಣಿಡೋಕೆ. ಎಲ್ಲೋ ಅಳತೆ ತಪ್ಪಿದರೆ ಕಂಪ್ಯೂಟರ್ ಒಂದು ಕೋಡ್ ಬರೆದಿಟ್ಟು ದೀಪ ಹಚ್ಚುತ್ತೆ. ಇಪ್ಪತ್ತು ಮೂವತ್ತು ಡಾಲರ್‌ನ ಸ್ಕ್ಯಾನರ್ ಸಾಕು, ಆ ಕೋಡ್ ಓದಬಹುದು. ಬಿಡಿಭಾಗ ಮಾರುವ ಎಷ್ಟೋ ಅಂಗಡಿಗಳಲ್ಲಿ ಪುಕ್ಕಟೆಯಾಗಿಯೇ ಓದಿ ಹೇಳುತ್ತಾರೆ. ಆದರೆ ಕೋಡ್ ಅಂದರೆ ಜ್ವರ ಇದ್ದಂಗೆ. ಜ್ವರ 102 ಇದೆ ಅಂತ ಗೊತ್ತಾದ್ರೆ ಟೈಫಾಯ್ಡೋ ಮಲೇರಿಯಾವೋ ಗೊತ್ತಾಗಿಬಿಡುತ್ತಾ?

ನಮ್ಮ ಮನೆಯ ಕಾರಿನ ಉದಾಹರಣೆಯನ್ನೇ ನೋಡೋಣ. ನಾಲ್ಕು ಸಿಲಿಂಡರಿನ ಹಳೇ ಗಾಡಿ. ಒಂದು ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ ತಂದ ವಾರದೊಳಗೆ ದೀಪ ಹತ್ತಿತು. ಕೋಡ್ ಪಿ 0171, ಅಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಗ್ಯಾರೇಜಿನವರು ಫೋನಿನಲ್ಲೇ, ‘ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಾಯಿಸಬೇಕು’ ಅಂದರು.

ಇಲ್ಲಿ ಒಂಚೂರು ವಿಜ್ಞಾನ ಬೇಕು. ಪೆಟ್ರೋಲು ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಹೊಗೆಯಲ್ಲಿ ಆಕ್ಸಿಜನ್ ಹೆಚ್ಚು ಉಳಿದಿದ್ದರೆ ಸೆನ್ಸರ್ ಅದನ್ನು ಕಂಪ್ಯೂಟರಿಗೆ ಹೇಳುತ್ತೆ, ಕಂಪ್ಯೂಟರ್ ಪೆಟ್ರೋಲು ಹೆಚ್ಚಿಸುತ್ತೆ. ಈ ಹೊಂದಾಣಿಕೆಯೇ ಫ್ಯೂಯಲ್ ಟ್ರಿಮ್. ಅದನ್ನು ಶೇಕಡಾ ಲೆಕ್ಕದಲ್ಲಿ ಸ್ಕ್ಯಾನರ್ ತೋರಿಸುತ್ತೆ. ಹೊಂದಾಣಿಕೆ ಒಂದು ಮಿತಿ ದಾಟಿದಾಗ ಕೋಡ್ ಬೀಳುತ್ತೆ. ಅಂದಮೇಲೆ ಆ ಸೆನ್ಸರ್ ಸುದ್ದಿ ತಂದವನು. ಜ್ವರ ತೋರಿಸ್ತು ಅಂತ ಥರ್ಮಾಮೀಟರ್ ಒಡೆಯೋದು ಯಾವ ಊರಿನ ವೈದ್ಯ? ಥರ್ಮಾಮೀಟರೇ ಕೆಟ್ಟಿರಬಹುದು, ಇಲ್ಲ ಅನ್ನಲ್ಲ. ಆದರೆ ಅದನ್ನೂ ಪರೀಕ್ಷಿಸಿಯೇ ಹೇಳಬೇಕು.

ಎಂಜಿನ್ ನಿಂತಲ್ಲೇ ಓಡುತ್ತಿರುವಾಗ, ಅಂದರೆ ಐಡ್ಲಿಂಗ್‌ನಲ್ಲಿ, ನಮ್ಮ ಟ್ರಿಮ್ ತುಂಬ ಮೇಲಿತ್ತು. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಮ್‌ಗೆ ಒಯ್ದಾಗ ಹೆಚ್ಚುಕಮ್ಮಿ ಸೊನ್ನೆಗೆ ಇಳಿಯಿತು. ಇದು ಬಹಳ ದೊಡ್ಡ ಸುಳಿವು. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಒಟ್ಟು ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ತೂತಿನಿಂದ ನುಸುಳುವ ಗಾಳಿಯೂ ಲೆಕ್ಕ ಕೆಡಿಸುತ್ತೆ. ವೇಗ ಹೆಚ್ಚಾದಾಗ ಒಟ್ಟು ಗಾಳಿ ಹೆಚ್ಚಾಗಿ, ಕಳ್ಳಗಾಳಿಯ ಪಾಲು ಕಿರಿದಾಗುತ್ತೆ. ಪೆಟ್ರೋಲ್ ಪಂಪು ಸೋತಿದ್ದರೆ ಚಿತ್ರ ಉಲ್ಟಾ ಆಗಬೇಕಿತ್ತು: ಎಂಜಿನ್ ಮೇಲೆ ಭಾರ ಬಿದ್ದಷ್ಟೂ ಟ್ರಿಮ್ ಏರಬೇಕಿತ್ತು. ಬಾನೆಟ್ ಎತ್ತಿ, ಥ್ರಾಟಲ್ ಬಾಡಿಯಿಂದ ಮುಂದಕ್ಕೆ ಹುಡುಕಿದೆವು. ಬೆರಳು ಗಾತ್ರದ ರಬ್ಬರ್ ಪೈಪೊಂದು ಸರಿಯಾಗಿ ಕೂತಿರಲಿಲ್ಲ. ಒತ್ತಿ ಕೂರಿಸಿದ ಮೇಲೆ ಟ್ರಿಮ್ ಸರಿಹೋಯಿತು. ಅದೇ ಪೈಪನ್ನು ಬೇಕಂತಲೇ ಕಳಚಿ ನೋಡಿದೆವು, ಟ್ರಿಮ್ ಮತ್ತೆ ಏರಿತು. ಆಮೇಲೆಯೇ ನಮಗೆ ನಂಬಿಕೆ ಬಂದಿದ್ದು.

‘ನೋಡಿ, ಗ್ಯಾರೇಜಿನವರದೇ ತಪ್ಪು, ಎಲ್ಲರೂ ಹೀಗೇನೇ’ ಅಂತ ನೀವು ಹೇಳಬಹುದು. ಅಲ್ಲಿಗೆ ನಾವು ಬರಲ್ಲ. ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಯ್ತು ಅಂತೀವಲ್ಲ, ಆ ಕಾಕತಾಳೀಯ ಕಾರಿನಲ್ಲೂ ಇರುತ್ತೆ. ಆಯಿಲ್ ಬದಲಾಯಿಸಿದ ಮರುದಿನ ಇಗ್ನಿಷನ್ ಕಾಯಿಲ್ ಸುಟ್ಟರೆ ಆಯಿಲ್ ಬದಲಾಯಿಸಿದವರನ್ನು ಬೈಯೋದು ನ್ಯಾಯವಲ್ಲ. ಆದರೆ ಕಾಗೆ ಕೂತ ಟೊಂಗೆಯನ್ನೇ ಮೊದಲು ನೋಡುವುದು ಜಾಣತನ. ಅವರು ಮುಟ್ಟಿದ್ದು ಏನೇನು, ಬಿಚ್ಚಿದ್ದು ಏನೇನು ಅನ್ನೋದು ಹುಡುಕಾಟದ ಮೊದಲ ಪಟ್ಟಿ. ಅದು ಊಹೆ ಮಾತ್ರ, ತೀರ್ಪು ಕೊಡಬೇಕಾದದ್ದು ಪರೀಕ್ಷೆ.

ಚಂದದ ಪರೀಕ್ಷೆ ಅಂದರೆ ಹೇಗಿರುತ್ತೆ? ಪಿ 0302 ಕೋಡ್ ಬಂತು ಅನ್ನಿ: ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ ಇರುವ ಕಾರಾದರೆ ಎರಡನೆಯದನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ. ಕೋಡ್ ಈಗ ಪಿ 0303 ಆಯ್ತಾ? ತಪ್ಪು ಕಾಯಿಲ್‌ನದು. ಎರಡರಲ್ಲೇ ಉಳೀತಾ? ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ನೋಡಿ. ಹೊಸ ಭಾಗಕ್ಕೆ ಒಂದು ರೂಪಾಯಿ ಖರ್ಚಿಲ್ಲದೆ ಉತ್ತರ ಸಿಕ್ಕಿತು. ಒಂದು ಎಚ್ಚರಿಕೆ ಮಾತ್ರ: ದೀಪ ಸುಮ್ಮನೆ ಉರಿಯದೆ ಮಿಣುಕುತ್ತಿದ್ದರೆ ಮಿಸ್‌ಫೈರ್ ಜೋರಾಗಿದೆ ಅಂತ ಅರ್ಥ. ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತೆ, ಅದು ಬಲು ದುಬಾರಿ ಭಾಗ. ಆಗ ಗಾಡಿ ಓಡಿಸಬೇಡಿ.

ಇನ್ನೊಂದು ಅಭ್ಯಾಸಕ್ಕೆ ನಮ್ಮ ಕಡು ವಿರೋಧ ಇದೆ. ಏನೂ ತಿಳಿಯದೆ ಕೋಡ್ ಅಳಿಸಿ, ದೀಪ ಆರಿಸಿ, ‘ಸರಿಯಾಯ್ತು’ ಅಂತ ಕೀ ಕೊಡೋದು. ಕೋಡ್ ಬಿದ್ದ ಕ್ಷಣದಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಎಂಬ ಮಾಹಿತಿಯನ್ನು ಕಂಪ್ಯೂಟರ್ ಫ್ರೀಜ್ ಫ್ರೇಮ್ ಅಂತ ಉಳಿಸಿರುತ್ತೆ. ಕೋಡ್ ಅಳಿಸಿದರೆ ಅದೂ ಹೋಯ್ತು. ಜೊತೆಗೆ ಕಾರಿನ ಸ್ವಯಂಪರೀಕ್ಷೆಗಳೆಲ್ಲ ಮೊದಲಿನಿಂದ ಶುರು. ಅವು ಮುಗಿಯೋಕೆ ಕೆಲವು ದಿನದ ಓಡಾಟ ಬೇಕು, ಆಮೇಲೆ ದೀಪ ಮತ್ತೆ ಹತ್ತುತ್ತೆ. ಲ್ಯಾಬ್ ಭಾಷೆಯಲ್ಲಿ ಹೇಳೋದಾದ್ರೆ ಇದು ನೋಟ್‌ಬುಕ್ಕಿನ ಹಾಳೆ ಹರಿದು ಎಸೆದಂಗೆ. ಅಳಿಸುವ ಮುಂಚೆ ಒಂದು ಫೋಟೋ ಆದರೂ ತೆಗೆದಿಟ್ಟುಕೊಳ್ಳಿ.

ಇಷ್ಟಕ್ಕೂ ಜೀವವಿಜ್ಞಾನಿಗಳಾದ ನಮಗೆ ಇದರಲ್ಲಿ ಏನು ಕೆಲಸ? 2002ರಲ್ಲಿ ಯೂರಿ ಲಾಜೆಬ್ನಿಕ್ ಎಂಬ ವಿಜ್ಞಾನಿ ‘ಕ್ಯಾನ್ಸರ್ ಸೆಲ್’ ಪತ್ರಿಕೆಯಲ್ಲಿ ಒಂದು ತಮಾಷೆಯ, ಆದರೆ ಚುಚ್ಚುವ ಲೇಖನ ಬರೆದರು: ಜೀವವಿಜ್ಞಾನಿ ಒಬ್ಬ ರೇಡಿಯೋ ರಿಪೇರಿ ಮಾಡಬಲ್ಲನೇ? ಒಂದೊಂದೇ ಭಾಗ ಕಿತ್ತು, ರೇಡಿಯೋ ಮೂಕವಾಗುತ್ತಾ ನೋಡುವ ನಮ್ಮ ವಿಧಾನದಿಂದ ಸುಟ್ಟ ಭಾಗ ಸಿಗಬಹುದು, ಆದರೆ ಭಾಗಗಳೆಲ್ಲ ಚೆನ್ನಾಗಿದ್ದು ಹೊಂದಾಣಿಕೆ ತಪ್ಪಿದ್ದರೆ ಸಿಗಲ್ಲ ಅನ್ನೋದು ಅವರ ವಾದ. ನಮ್ಮ ಕಾರಿನಲ್ಲೂ ಯಾವ ಭಾಗವೂ ಕೆಟ್ಟಿರಲಿಲ್ಲ. ಒಂದು ಪೈಪು ತನ್ನ ಜಾಗದಲ್ಲಿ ಇರಲಿಲ್ಲ, ಅಷ್ಟೇ.

ಹಾಗಂತ ಮೆಕ್ಯಾನಿಕ್‌ಗಳು ದಡ್ಡರಲ್ಲ. ಇಲ್ಲಿ ಎಷ್ಟೋ ಕಡೆ ಅವರ ಸಂಬಳ ಫ್ಲಾಟ್ ರೇಟ್ ಲೆಕ್ಕದಲ್ಲಿ. ಇಂಥ ಕೆಲಸಕ್ಕೆ ಇಷ್ಟು ಗಂಟೆ ಅಂತ ಪುಸ್ತಕದಲ್ಲಿ ಗೊತ್ತುಮಾಡಿರುತ್ತೆ, ಕೂಲಿ ಅಷ್ಟಕ್ಕೇ. ಭಾಗ ಬದಲಾಯಿಸಿದರೆ ದುಡ್ಡು ಖಚಿತ. ಎರಡು ಗಂಟೆ ತಲೆಕೆಡಿಸಿಕೊಂಡು ಸಣ್ಣ ಪೈಪು ಹುಡುಕಿದವರಿಗೆ ಕೆಲವೊಮ್ಮೆ ಏನೂ ಸಿಗಲ್ಲ. ‘ಬರೀ ನೋಡಿದ್ದಕ್ಕೆ ನೂರೈವತ್ತು ಡಾಲರಾ?’ ಅಂತ ಜಗಳ ಆಡುವ ಗಿರಾಕಿಗಳೇ ಅವರನ್ನು ಊಹೆಯ ಕಡೆ ತಳ್ಳುತ್ತಾರೆ.

ಅಗ್ಗದ ಭಾಗ, ಬದಲಾಯಿಸುವ ಕಾಲವೂ ಬಂದಿದೆ ಅಂದರೆ ಮೊದಲು ಬದಲಾಯಿಸಿ ನೋಡೋದರಲ್ಲಿ ತಪ್ಪಿಲ್ಲ, ಲಕ್ಷ ಮೈಲಿ ಓಡಿದ ಪ್ಲಗ್‌ಗಳ ಹಾಗೆ. ಭಾಗದ ಬೆಲೆ ಪರೀಕ್ಷೆಯ ಬೆಲೆಗಿಂತ ಹೆಚ್ಚಾದಾಗ ಮಾತ್ರ ನಮ್ಮ ತಕರಾರು.

ಮುಂದಿನ ಸಲ ದೀಪ ಮರಳಿ ಬಂದಾಗ ಜಗಳದ ಬದಲು ಮೂರು ಪ್ರಶ್ನೆ ಕೇಳಿ. ಹೋದ ಸಲ ಏನೇನು ಬಿಚ್ಚಿದ್ರಿ? ಈ ಭಾಗವೇ ಕೆಟ್ಟಿದೆ ಅಂತ ಯಾವ ಪರೀಕ್ಷೆ ತೋರಿಸಿತು? ಬದಲಾಯಿಸಿದ ಮೇಲೆ ಸರಿಯಾಯ್ತು ಅಂತ ಹೇಗೆ ಗೊತ್ತಾಗುತ್ತೆ? ಕ್ಯಾಲಿಫೋರ್ನಿಯಾದಲ್ಲಿ ಇರುವವರು ನೆನಪಿಡಿ: ಕೆಲಸಕ್ಕೆ ಮೊದಲು ಲಿಖಿತ ಅಂದಾಜು ಪಡೆಯುವುದು ನಿಮ್ಮ ಹಕ್ಕು, ಮೊದಲೇ ಕೇಳಿದರೆ ತೆಗೆದ ಹಳೇ ಭಾಗವನ್ನೂ, ಕೆಲವು ವಿನಾಯಿತಿ ಬಿಟ್ಟು, ವಾಪಸ್ ಕೊಡಬೇಕು. ಈ ಮೂರಕ್ಕೂ ಉತ್ತರ ಕೊಡುವ ಮೆಕ್ಯಾನಿಕ್ ಸಿಕ್ಕರೆ ಪರೀಕ್ಷೆಯ ಶುಲ್ಕವನ್ನು ಚೌಕಾಸಿ ಮಾಡದೆ ಕೊಡಿ, ಅವರ ನಂಬರನ್ನು ಊರಿನ ಕನ್ನಡದವರಿಗೆಲ್ಲ ಹಂಚಿ.