ನಾಳೆ ನೋಡೋಣ ಕಾಕಾ

ಹಬ್ಬಕ್ಕೆ ಹಟ್ಟಿಗೆ ಹೋದಾಗಲೆಲ್ಲ ನಮ್ಮ ಕಾಕಾ ಒಂದು ಪ್ಲಾಸ್ಟಿಕ್ ಚೀಲ ಹಿಡ್ಕೊಂಡು ಬರ್ತಾರೆ. ಅದರೊಳಗೆ ಪೆನ್ಶನ್ ಕಾಗದ. ಆಧಾರ್‌ನಲ್ಲಿ ಒಂದು ಹೆಸರು, ಸರ್ವಿಸ್ ಬುಕ್ಕಿನಲ್ಲಿ ಇನ್ನೊಂದು. ಅಷ್ಟಕ್ಕೇ ಬಾಕಿ ಹಣ ನಿಂತಿದೆ. "ಫೋನಿನ್ಯಾಗ ಅದೇನೋ ಅರ್ಜಿ ಹಾಕ್ಬೇಕಂತಪಾ, ಸ್ವಲ್ಪ ನೋಡು" ಅಂತಾರೆ. "ನಾಳೆ ನೋಡೋಣ ಕಾಕಾ" ಅಂತೀನಿ. ಮರುದಿನ ರಾತ್ರಿ ನನಗೆ ಬೆಂಗಳೂರಿನ ಬಸ್ಸು.

ಕಳೆದ ಸಲ ಅದೇ ಬಸ್ಸಿನಲ್ಲಿ ನಿದ್ದೆ ಬರದೆ 'ತಬರನ ಕಥೆ' ನೋಡಿದೆ. ತೇಜಸ್ವಿಯವರ ಕಥೆ, ಗಿರೀಶ್ ಕಾಸರವಳ್ಳಿ ಮಾಡಿದ 1986ರ ಸಿನಿಮಾ. ನಿವೃತ್ತನಾದ ತಬರ ಪೆನ್ಶನ್‌ಗಾಗಿ ಅಲೆಯುತ್ತಾನೆ. ಇತ್ತ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಿದೆ. ಕೊನೆಗೆ ಆ ಕಾಲು ಕಡಿದುಕೊಡು ಅಂತ ಕಟುಕನ ಹತ್ತಿರ ಕೇಳುವ ಮಟ್ಟಕ್ಕೆ ಬರ್ತಾನೆ. ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ. ಆದರೆ ನನ್ನನ್ನು ಕಾಡಿದ್ದು ಬೇರೆ. ಆ ಸಿನಿಮಾದಲ್ಲಿ ಖಳನಾಯಕ ಅಂತ ಒಬ್ಬನಿಲ್ಲ. ಇರೋರೆಲ್ಲ "ನಾಳೆ ಬಾ" ಅನ್ನೋ ಮಾಮೂಲಿ ಮನುಷ್ಯರು. ನನ್ನಂಥವರು.

ಕಾಸರವಳ್ಳಿ ಬಗ್ಗೆ ಓದುತ್ತಾ ಹೋದೆ. ತೀರ್ಥಹಳ್ಳಿ ಕಡೆಯವರು, ಫಾರ್ಮಸಿ ಓದಿ ಅದನ್ನು ಬಿಟ್ಟು ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಸೇರಿದರು. 1975ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. 1977ರಲ್ಲಿ ಮೊದಲ ಸಿನಿಮಾ 'ಘಟಶ್ರಾದ್ಧ'. ಅದಕ್ಕೇ ಸ್ವರ್ಣಕಮಲ. ಮುಂದೆ 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಸೇರಿ ಒಟ್ಟು ನಾಲ್ಕು. ನಡುವೆ ಬೆಂಗಳೂರಿನ ಸಿನಿಮಾ ಶಾಲೆಯೊಂದರಲ್ಲಿ ಪ್ರಾಂಶುಪಾಲರಾಗಿ ಹುಡುಗರಿಗೆ ಪಾಠವನ್ನೂ ಹೇಳಿದರು.

ಪುಣೆಯಲ್ಲಿ ಆಗ ಸತೀಶ್ ಬಹಾದೂರ್ ಎಂಬ ಮೇಷ್ಟ್ರಿದ್ದರು. ಮೊದಲು ಆಗ್ರಾದಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದವರು, 1963ರಲ್ಲಿ ಅಲ್ಲಿಗೆ ಬಂದರು. ಅವರ ವಿಷಯ ಸಿನಿಮಾ ಮಾಡೋದಲ್ಲ, ನೋಡೋದು. 'ಪಥೇರ್ ಪಾಂಚಾಲಿ'ಯನ್ನು ಒಂದೊಂದೇ ಶಾಟ್ ಬಿಡಿಸಿ ತೋರಿಸೋರು. ನಮ್ಮ ಹೆಗ್ಗೋಡಿನ ನೀನಾಸಂಗೂ ಬಂದು ಊರಿನ ಜನಕ್ಕೆ ಹಾಗೇ ಕಲಿಸಿದರು. ನೋಡೋದನ್ನೂ ಒಬ್ಬರು ಕಲಿಸಬೇಕಾ ಅಂತ ನನಗೆ ಮೊದಲು ನಗು ಬಂತು. ಆಮೇಲೆ ನೆನಪಾಯ್ತು, ನಾನು 'ನೋಡೋಣ' ಅಂದಿದ್ದು ಎಷ್ಟು ಸಲ, ಆ ಚೀಲ ಬಿಚ್ಚಿ ನೋಡಿದ್ದು ಎಷ್ಟು ಸಲ? ಒಂದು ಸಲವೂ ಇಲ್ಲ.

ಆ ಭಾನುವಾರ ಕಾಕಾಗೆ ವಿಡಿಯೊ ಕಾಲ್ ಮಾಡಿದೆ. ಒಂದೊಂದೇ ಕಾಗದ ಕ್ಯಾಮೆರಾ ಮುಂದೆ ಹಿಡಿದರು, ಕೈ ನಡುಗುತ್ತಿತ್ತು. ಆ ಕೈ ನಡುಗೋದು ನನಗೆ ಗೊತ್ತೇ ಇರಲಿಲ್ಲ. ಅರ್ಜಿ ತುಂಬಲು ಬೇಕಾಗಿದ್ದು ನಲವತ್ತು ನಿಮಿಷ.

"ಆತೇನಪಾ?"

"ಅರ್ಜಿ ಹೋಗ್ಯಾದ ಕಾಕಾ. ರೊಕ್ಕ ಬರಾಕ ಇನ್ನಾ ಟೈಮ್ ಐತಿ."

"ಬರ್ಲಿ ಬಿಡು. ನೀ ನೋಡಿದ್ಯಲ್ಲ, ಸಾಕು."

ಹಣ ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ಅರ್ಜಿ ಎಲ್ಲಿದೆ ಅಂತ ನೋಡ್ತಿದೀನಿ. ನಿಮ್ಮ ಮನೇಲೂ ಯಾರದೋ ಕೈಯಲ್ಲಿ ಇಂಥದೊಂದು ಚೀಲ ಇರುತ್ತೆ. ಈ ಸಲ ಊರಿಗೆ ಹೋದಾಗ ಬಿಚ್ಚಿ ನೋಡಿ.