ಫ್ಯೂಸ್ ಹೋದ್ರೆ ದೊಡ್ಡ ಫ್ಯೂಸ್ ಹಾಕೋದಾ?

ಮಂಡ್ಯದಲ್ಲಿ ಕಾರಿಗೆ ಹೀಟರ್ ಯಾಕಪ್ಪಾ ಅಂತ ನಗೋರು ಡಿಸೆಂಬರ್‌ನಲ್ಲಿ ಬೆಳಗ್ಗೆ ಐದೂವರೆಗೆ ಮಳವಳ್ಳಿಯಿಂದ ಮದ್ದೂರಿಗೆ ಒಂದ್ಸಲ ಬರಬೇಕು. ನಾಲ್ಕು ಜನ ಕೂತ ಕಾರಿನ ಗಾಜು ಒಳಗಿಂದಲೇ ಮಂಜು ಕಟ್ಟುತ್ತೆ. ಮುಂದೆ ಹಿಂದಿನ ಲೈಟೇ ಇಲ್ಲದ ಕಬ್ಬಿನ ಟ್ರ್ಯಾಕ್ಟರ್. ಬ್ಲೋವರ್ ತಿರುಗದಿದ್ರೆ ಹೀಟರೂ ದಂಡ, ಎಸಿನೂ ದಂಡ. ಒಂದು ಕೈಲಿ ಸ್ಟೀರಿಂಗ್, ಇನ್ನೊಂದು ಕೈಲಿ ಕರ್ಚೀಫು. ನಮ್ಮ ಕಡೆ ಬ್ಲೋವರ್ ಬೇಕಿರೋದು ಚಳಿಗಲ್ಲ, ದಾರಿ ಕಾಣೋದಕ್ಕೆ.

ಅದು ನಿಂತಾಗ ಬಹಳ ಜನ ಮಾಡೋ ಕೆಲಸ ಒಂದೇ. 15 ಆಂಪಿಯರ್‌ನ ನೀಲಿ ಫ್ಯೂಸ್ ಸುಟ್ಟಿದ್ರೆ 30ರ ಹಸಿರು ಫ್ಯೂಸ್ ಚುಚ್ಚೋದು, ಅದೂ ಇಲ್ಲದಿದ್ರೆ ತಾಮ್ರದ ಎಳೆ ಸುತ್ತೋದು. ಇದು ರಿಪೇರಿ ಅಲ್ಲ ಅನ್ನೋದು ನಮ್ಮ ವಾದ. ಫ್ಯೂಸ್ ಇರೋದು ಮೋಟರ್ ಉಳಿಸೋಕಲ್ಲ, ವೈರ್ ಉಳಿಸೋಕೆ. ಅದೇ ವೈರಲ್ಲಿ ಎರಡರಷ್ಟು ಕರೆಂಟ್ ಹರಿದ್ರೆ ಬಿಸಿ ನಾಲ್ಕರಷ್ಟು. ಈ ಸೂತ್ರ ನಮಗೆಲ್ಲ ಬಾಯಿಪಾಠ. ಆ ಬಿಸಿ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಹಿಂದೆ, ನಮ್ಮ ಮೊಣಕಾಲಿನ ಪಕ್ಕದಲ್ಲೇ ಏಳುತ್ತೆ ಅನ್ನೋದು ಮಾತ್ರ ನೆನಪಿರಲ್ಲ.

ಫ್ಯೂಸ್ ಸುಮ್ಮಸುಮ್ಮನೆ ಹೋಗಲ್ಲ. ಹೊಂಗೆ ಮರದ ಕೆಳಗೆ ನಿಲ್ಲಿಸೋ ಕಾರುಗಳಲ್ಲಿ ಒಣಗಿದ ಎಲೆ ಒಳಗಿಳಿದು ಫ್ಯಾನಿಗೆ ಸಿಕ್ಕಿಕೊಳ್ಳುತ್ತೆ. ಬುಷ್ ಒಣಗಿದ ಮೋಟರ್ ಬಿಗಿಯಾಗಿ ತಿರುಗುತ್ತೆ, ಜಾಸ್ತಿ ಕರೆಂಟ್ ಎಳೆಯುತ್ತೆ. ಫ್ಯೂಸ್ ಬದಲಾಯಿಸೋ ಮುಂಚೆ ಫ್ಯಾನನ್ನ ಬೆರಳಲ್ಲಿ ತಿರುಗಿಸಿ ನೋಡೋಕೆ ಎರಡು ನಿಮಿಷ ಸಾಕು. ಹಳೇ ಕಾರಿನಲ್ಲಿ ನಾಲ್ಕನೇ ಸ್ಪೀಡ್ ಮಾತ್ರ ಕೆಲಸ ಮಾಡಿ ಒಂದು, ಎರಡು, ಮೂರು ಸತ್ತಿದ್ರೆ ಫ್ಯೂಸ್ ಬಾಕ್ಸ್ ಮುಟ್ಟಲೇಬೇಡಿ. ಹೋಗಿರೋದು ಬಹುತೇಕ ರೆಸಿಸ್ಟರ್.

ರಿಲೇ ವಿಷಯ ಇನ್ನೂ ಮಜಾ. 85, 86 ಪಿನ್ನಿಗೆ ಕರೆಂಟ್ ಕೊಟ್ಟಾಗ ಟಕ್ ಅಂತ ಸದ್ದು ಬಂದ್ರೆ ರಿಲೇ ಸರಿಯಿದೆ ಅಂತ ನಾವು ಲ್ಯಾಬಲ್ಲಿ ಬರೆದುಕೊಳ್ತೀವಿ. ಆ ಸದ್ದು ಕಾಯಿಲ್ ಕತೆ ಮಾತ್ರ ಹೇಳುತ್ತೆ. 30ರಿಂದ 87ಕ್ಕೆ ಕರೆಂಟ್ ದಾಟಿಸೋ ಕಾಂಟ್ಯಾಕ್ಟ್ ಸುಟ್ಟು ಕರಕಲಾಗಿದ್ರೂ ಟಕ್ ಅನ್ನುತ್ತೆ. ಅದೇ ನಂಬರಿನ ಇನ್ನೊಂದು ರಿಲೇ ಪಕ್ಕದಲ್ಲೇ ಇದ್ರೆ ಅದಲು ಬದಲು ಮಾಡಿ ನೋಡೋದೇ ಸುಲಭ.

ಮದ್ದೂರು, ಮಂಡ್ಯದ ಗ್ಯಾರೇಜ್ ಎಲೆಕ್ಟ್ರಿಷಿಯನ್‌ಗಳ ಕೈಯಲ್ಲಿ ಮಲ್ಟಿಮೀಟರ್‌ಗಿಂತ ಟೆಸ್ಟ್ ಲ್ಯಾಂಪೇ ಹೆಚ್ಚು. ಒಂದು ಬಲ್ಬು, ಒಂದು ಮೊಳೆ, ಒಂದು ಕ್ಲಿಪ್ಪು. ಥಿಯರಿ ಗೊತ್ತಿಲ್ಲ, ಅದಕ್ಕೇ ಬಲ್ಬು ಅಂತ ನಮ್ಮೋರು ಆಡಿಕೊಳ್ತಾರೆ. ತಿರುಗಿಸಿ ಯೋಚಿಸಿ. ಮಲ್ಟಿಮೀಟರ್ ಎಳೆಯೋ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು. ಹಾಗಾಗಿ ಒಂದೇ ಎಳೆಯಲ್ಲಿ ನೇತಾಡ್ತಿರೋ ವೈರಿನ ತುದೀಲೂ ಅದು ಠೀವಿಯಿಂದ 12 ವೋಲ್ಟ್ ತೋರಿಸುತ್ತೆ. ಬಲ್ಬು ಲೋಡು. ತುಕ್ಕು ಹಿಡಿದ ಜಾಯಿಂಟಿನ ಆಚೆ ಹಿಡಿದ್ರೆ ಮಂಕಾಗಿ ಉರಿದು ಚಾಡಿ ಹೇಳಿಬಿಡುತ್ತೆ. ಇಗ್ನಿಷನ್, ಬ್ಲೋವರ್ ಎರಡೂ ಆನ್ ಮಾಡಿ ಫ್ಯೂಸಿನ ತಲೆಯ ಎರಡು ಚುಕ್ಕಿಗೂ ಮುಟ್ಟಿಸಿ: ಎರಡೂ ಕಡೆ ಉರಿದ್ರೆ ಫ್ಯೂಸ್ ಸರಿ, ಒಂದೇ ಕಡೆ ಉರಿದ್ರೆ ಹೋಗಿದೆ, ಎಲ್ಲೂ ಉರಿಯದಿದ್ರೆ ಅಲ್ಲಿಗೆ ಸಪ್ಲೈಯೇ ಬರ್ತಿಲ್ಲ. (ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಹತ್ರ ಮಾತ್ರ ಈ ಬಲ್ಬು ತಗೊಂಡು ಹೋಗ್ಬೇಡಿ.) ಇದು ಥಿಯರಿ ಅಲ್ಲದೆ ಇನ್ನೇನು?

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಸೀಮೆ ನಮ್ಮದು. ಆದ್ರೂ ನಮ್ಮ ಲ್ಯಾಬಿನ ಕಿಟ್‌ಗಳಲ್ಲಿ ಯಾವುದೂ ಕೆಟ್ಟಿರಲ್ಲ. ವೈರ್ ಚುಚ್ಚು, ರೀಡಿಂಗ್ ಬರೆ, ಸೈನ್ ಹಾಕಿಸು. ಕೆಟ್ಟಿದ್ದನ್ನ ಹುಡುಕೋ ಒಂದೇ ಒಂದು ಪ್ರಯೋಗ ರೆಕಾರ್ಡ್ ಬುಕ್ಕಲ್ಲಿ ಇಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಗುಜರಿಯಿಂದ ಒಂದು ಹಳೇ ಫ್ಯೂಸ್ ಬಾಕ್ಸ್, ಒಂದು ಬ್ಲೋವರ್ ಮೋಟರ್ ತರೋಣ. ಒಂದು ಬ್ಯಾಚ್ ಫಾಲ್ಟ್ ಬಚ್ಚಿಡಲಿ, ಇನ್ನೊಂದು ಬ್ಯಾಚ್ ಟೆಸ್ಟ್ ಲ್ಯಾಂಪ್ ಹಿಡಿದು ಹುಡುಕಲಿ. ಗುಜರಿಗೆ ನಾವೇ ಹೋಗ್ತೀವಿ, ಚೌಕಾಸೀನೂ ನಾವೇ ಮಾಡ್ತೀವಿ. ಡಿಪಾರ್ಟ್‌ಮೆಂಟ್ ಒಂದು ಬ್ಯಾಟರಿ, ಶನಿವಾರ ಮಧ್ಯಾಹ್ನ ಎರಡು ಗಂಟೆ ಲ್ಯಾಬಿನ ಬೀಗದ ಕೈ ಕೊಟ್ರೆ ಸಾಕು.